ಲಲಿತಾಬಾಯಿಯ ಜಗಳ ಟೀವಿಯಲ್ಲಿ ಬಂದದ್ದು

ಮೊಮ್ಮಕ್ಕಳನ್ನು ಕಂಡ ವಯಸ್ಸಿನಲ್ಲಿ ನಾನು ಸೊಸೆಯಾದೆ. ಅದೂ ಸುಖವಾಗಿದ್ದ ಸೊಸೆಯಲ್ಲ, ಅತ್ತೆಯ ಬಾಯಿಗೆ ಬಿದ್ದ ಸೊಸೆ. ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಚಹಾ ಕುಡಿದು ಇನ್ನೇನು ಪೇಪರ್ ಬಿಡಿಸಬೇಕು ಅನ್ನುವಷ್ಟರಲ್ಲಿ ನನ್ನ ಹೆಂಡತಿ ಲಲಿತಾಬಾಯಿ ಅಡುಗೆಮನೆಯ ಬಾಗಿಲಿಗೆ ಪ್ಲಾಸ್ಟಿಕ್ ಕುರ್ಚಿ ಹಾಕುತ್ತಿದ್ದಳು. "ಬರ್ರಿ, ಕೂಡ್ರಿ. ಇವತ್ತ ನೀವು ಸೊಸಿ" ಎನ್ನುತ್ತಿದ್ದಳು. ನಾನು ಕೂಡುತ್ತಿದ್ದೆ. ಒಂದು ದಿನ ಸೊಸೆ, ಒಂದು ದಿನ ಇನ್ಸ್‌ಪೆಕ್ಟರ್, ಒಂದು ದಿನ ಹೊಲ ನುಂಗಿದ ದಾಯಾದಿ. ಪಾತ್ರ ಬದಲಾದರೂ ಬೈಗುಳ ತಿನ್ನುವ ಕೆಲಸ ನನ್ನದೇ ಇತ್ತು.

ನನಗೆ ಅದು ಹೊಸದೇನಲ್ಲ ಬಿಡಿ. ಖಂಡೆಪ್ಪ ಅಂದರೆ ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನಲ್ಲಿ ಹಳಬರಿಗೆಲ್ಲ ಗೊತ್ತು. ಸೀರೆ ಅಂಗಡಿಯ ಗಾದಿಯ ಮೇಲೆ ಕುಳಿತು ಬಿಡಿಸುವುದು, ಮಡಚುವುದು, ಮತ್ತೆ ಬಿಡಿಸುವುದು, ಇದರಲ್ಲೇ ನನ್ನ ತಲೆ ಬೆಳ್ಳಗಾಯಿತು. ನೂರು ಸೀರೆ ಬಿಡಿಸಿ ಹಾಕಿದ ಮೇಲೆ "ಹಿಂತಾವೆಲ್ಲ ಯಾರು ಉಡ್ತಾರ್ರಿ" ಎಂದು ಎದ್ದು ಹೋದವರನ್ನೂ ನಗುನಗುತ್ತ ಕಳಿಸಿದವನು ನಾನು. ಅಂಥವನಿಗೆ ಹೆಂಡತಿಯ ಮುಂದೆ ಸೊಸೆಯಾಗಿ ಕೂಡುವುದು ಯಾವ ದೊಡ್ಡ ಮಾತು? ಆದರೂ ಪೇಪರ್ ಓದಲು ಬಿಡದಿದ್ದಾಗ ಸಿಟ್ಟು ಬರುತ್ತಿತ್ತು.

ಲಲಿತಾಬಾಯಿ ಮಾತಿನ ಹೆಂಗಸು. ಕುಕ್ಕರ್ ಸೀಟಿ ಹೊಡೆಯದಿದ್ದರೆ ಕುಕ್ಕರಿಗೂ ಎರಡು ಮಾತು ಹೇಳುತ್ತಾಳೆ. ಮೋಮಿನಪುರದ ಆಟೋದ ಇನಾಯತ್ ನಮ್ಮ ಓಣಿಯಲ್ಲೇ ಆಟೋ ಹಚ್ಚುತ್ತಾನೆ. "ಅಮ್ಮಾ ಬೈದ ದಿನಾ ನಂದು ಬೋಣಿ ಚಲೋ ಆಗ್ತದ" ಎಂದು ಬೇಕೆಂದೇ ನಮ್ಮ ಮೆಟ್ಟಿಲಿಗೆ ಗಾಡಿ ಅಡ್ಡ ನಿಲ್ಲಿಸಿ ಬೈಸಿಕೊಂಡು ಹೋಗುತ್ತಾನೆ. ಇಂಥ ಬಾಯಿ ಟೀವಿಗೆ ಹೋಗುತ್ತದೆಂದು ಯಾರು ಕಂಡಿದ್ದರು?

ಆದದ್ದು ಹೀಗೆ. ಬೆಂಗಳೂರಿನ ಸೀರಿಯಲ್ ಮಂದಿ ಕಮಲಾಪುರದಲ್ಲಿ ಒಂದು ಹಳೇ ವಾಡೆಯ ಮನೆ ಹಿಡಿದು ಶೂಟಿಂಗ್ ಶುರು ಮಾಡಿದರು. ಬಾಳೆತೋಟ, ದೊಡ್ಡ ಮನೆತನ, ಅತ್ತೆ, ಸೊಸೆ, ನಾದಿನಿ, ಆಸ್ತಿ, ಎಲ್ಲ ಇತ್ತು. ಅದಕ್ಕೆ ಮಾತು ಬರೆಯುವ ಹುಡುಗಿ ಮಂಜುಷಾ ನಮ್ಮ ಮಾಳಿಗೆಯ ಕೋಣೆ ಬಾಡಿಗೆಗೆ ಹಿಡಿದಳು. ಅವಳ ಅಪ್ಪ ಕಲಬುರಗಿಯವರೇ, ಆಕೆ ಬೆಳೆದದ್ದು ಮೈಸೂರಿನಲ್ಲಿ. ನಮ್ಮನ್ನು ಕಾಕಾ, ಕಾಕು ಎಂದು ಕರೆಯುವಷ್ಟು ಈ ಕಡೆಯ ರೂಢಿ ಉಳಿದಿತ್ತು. ಕ್ರಿಯಾಪದಗಳು ಮಾತ್ರ ಪೂರ್ತಿ ಮೈಸೂರಿಗೆ ಸೇರಿಬಿಟ್ಟಿದ್ದವು.

ಪಾಪ, ಮೇಲಿನವರು ಅವಳಿಗೆ "ಎಲ್ಲ ಪಕ್ಕಾ ಕಲಬುರಗಿ ಭಾಷೆಯಲ್ಲಿರಬೇಕು" ಎಂದು ಹೇಳಿ ಕಳಿಸಿದ್ದರು. ಆಕೆ ಸುಲಭದ ದಾರಿ ಕಂಡುಕೊಂಡಿದ್ದಳು. ಸಿಕ್ಕ ಸಿಕ್ಕ ಕ್ರಿಯಾಪದದ ಬಾಲಕ್ಕೆಲ್ಲ 'ಆಕತ್ತು' ಹಚ್ಚುವುದು. ಒಂದು ಬೆಳಿಗ್ಗೆ ಮಾಳಿಗೆಯಿಂದ ಗಟ್ಟಿಯಾಗಿ ಓದುವುದು ಕೇಳಿಸಿತು: "ನಾನು ನಿನ್ನ ಮೇಲೆ ಕೋಪ ಮಾಡಿಕೊಳ್ಳಾಕತ್ತೀನಿ! ನನಗೆ ನಿನ್ನ ಸಂಚು ಅರ್ಥವಾಗಾಕತ್ತೈತಿ! ಈಗಲೇ ಈ ಮನೆ ಬಿಟ್ಟು ಹೋಗಾಕತ್ತು!"

ಲಲಿತಾಬಾಯಿ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಮೆಟ್ಟಿಲು ಹತ್ತಿದಳು. "ಯಾರವ್ವಾ ಅದು, ಮಾತಿನ ಕುತ್ತಿಗಿ ಹಿಚಕಾಕತ್ತಾರ?"

ಮಂಜುಷಾ ಹೆದರಿ ಎದ್ದು ನಿಂತಳು. "ಕಾಕು, ಇದು ಡೈಲಾಗು. ಅತ್ತೆ ಸೊಸೆಗೆ ಹೇಳ್ತಾ ಇರೋದು."

"ಸಿಟ್ಟಿಗೆದ್ದಾಕಿ 'ನಾ ಸಿಟ್ಟಿಗೆದ್ದೀನಿ' ಅಂತ ಹೇಳ್ತಾಳೇನು? ಪಾತೇಲಿ ಎತ್ತಿ ಕುಕ್ಕತಾಳ! ಮತ್ತ 'ಐತಿ' ಅಂತ ಬರೀಬ್ಯಾಡ, ಅದು ಹುಬ್ಬಳ್ಳಿ ಕಡಿದು. ನಮ್ಮ ಕಡಿ 'ಅದ' ಅಂತೀವಿ. ಸೊಸಿ ಏನು ತಪ್ಪು ಮಾಡ್ಯಾಳ? ಉಂಡಾಳೋ ಇಲ್ಲೋ? ಮನ್ಯಾಗ ಬ್ಯಾರೆ ಮಂದಿ ಇದ್ದಾರೇನು?"

"ಅದೆಲ್ಲ ಯಾಕೆ ಕಾಕು?"

"ಮಂದಿ ಇದ್ರ 'ನಡೀರಿ ಒಳಗ' ಅಂತಾಳ. ಇರಲಿಲ್ಲಂದ್ರ 'ನಡಿ ಒಳಗ' ಅಂತಾಳ. ಯಾರು ಇದ್ದಾರಂತ ಗೊತ್ತಿಲ್ದ ಬಾಯಿ ಹೆಂಗ ತಗೀಲಿ?"

ಆ ಹುಡುಗಿ ಜಾಣೆ. ಫೋನ್ ತೆಗೆದು ರೆಕಾರ್ಡಿಂಗ್ ಹಚ್ಚಿ ಮುಂದಿಟ್ಟಳು. ಆದರೆ ಲಲಿತಾಬಾಯಿಗೆ ಗಾಳಿಗೆ ಬೈಯಲು ಬರುವುದಿಲ್ಲ, ಎದುರಿಗೆ ಒಂದು ಮುಖ ಬೇಕು. ಆ ಮುಖ ನನ್ನದಾಯಿತು. ಪ್ಲಾಸ್ಟಿಕ್ ಕುರ್ಚಿ ಬಂದದ್ದು ಹೀಗೆ.

ಬೈಗುಳ, ಗೊಣಗು, ಚಾಡಿ, ಹಂಗಿಸುವುದು, ಇವೆಲ್ಲ ಒಂದೇ ಸಲಕ್ಕೆ ಬರುತ್ತಿದ್ದವು. ಪ್ರೇಮದ ದೃಶ್ಯ ಬಂದಾಗ ಮಾತ್ರ ಕೆಲಸ ನಿಲ್ಲುತ್ತಿತ್ತು. ನಾಯಕ ನಾಯಕಿಗೆ "ನಾನು ನಿನ್ನನ್ನು ತುಂಬಾ ಪ್ರೀತಿಸ್ತೀನಿ" ಎನ್ನಬೇಕಿತ್ತು. ಲಲಿತಾಬಾಯಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಬಹಳ ಹೊತ್ತು ನೋಡಿದಳು. ಕೊನೆಗೆ, "ಹಂಗೆಲ್ಲ ನಮ್ಮ ಕಡಿ ಅನ್ನಂಗಿಲ್ಲವ್ವಾ. 'ಬಿಸಿ ಅದ, ಇನ್ನೊಂದು ರೊಟ್ಟಿ ಹಾಕ್ಕೋ' ಅಂತ ಬರಿ" ಎಂದಳು. ಮಂಜುಷಾ ಬರೆದಳು. ಅದು ಟೀವಿಯಲ್ಲಿ ಬಂದ ದಿನ ನಮ್ಮ ಓಣಿಯ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರಂತೆ. ನನಗೆ ಆ ರಾತ್ರಿ ಎರಡೇ ರೊಟ್ಟಿ.

ಅಲ್ಲಿಯವರೆಗೆ ನಾನು ಸೀರಿಯಲ್ ನೋಡಿದವನಲ್ಲ. ಈಗ ದಿನಾ ಸಂಜೆ ಪಕ್ಕದಲ್ಲಿ ಕೂಡಲೇಬೇಕಾಯಿತು. ನೋಡುತ್ತ ನೋಡುತ್ತ ಒಂದು ಸಂಗತಿ ಹೊಳೆಯಿತು. ಸೀರಿಯಲ್ಲಿನ ಕೆಟ್ಟ ಹೆಂಗಸಿಗೆ ಬರುವುದೆಲ್ಲ ಮುಂದಿನ ಕಾಲ: ಮಾಡ್ತೀನಿ, ತೋರಿಸ್ತೀನಿ, ಬೀದಿಗೆ ತರ್ತೀನಿ. ಒಂದನ್ನೂ ಮಾಡಿ ಮುಗಿಸುವುದಿಲ್ಲ. ಒಳ್ಳೆಯ ಸೊಸೆ ಯಾವಾಗಲೂ 'ಸಹಿಸ್ತಾ ಇದ್ದೀನಿ', ಅದು ಮುಗಿಯುವ ಲಕ್ಷಣವೇ ಇಲ್ಲ. ಹಿಂದಿನ ಕಾಲಕ್ಕೆ ಸೇರಿದವನು ಗೋಡೆಯ ಮೇಲೆ ಹಾರ ಹಾಕಿದ ಫೋಟೋದಲ್ಲಿರುವ ಮಾವ ಒಬ್ಬನೇ. ಎಲ್ಲಕ್ಕಿಂತ ಮಜಾ 'ಹೋಗ್ತೀನಿ' ಎನ್ನುವ ಮಾತು. ಒಬ್ಬಳು ಸೋಮವಾರ ಗಂಟು ಹಿಡಿದು ಹೊಸ್ತಿಲಲ್ಲಿ "ನಾನು ಹೋಗ್ತೀನಿ" ಎಂದಳು. ಎಲ್ಲರ ಮುಖ ತೋರಿಸಿದರು, ಡೋಲು ಬಾರಿಸಿದರು. ಗುರುವಾರವೂ ಆಕೆ ಅಲ್ಲೇ ನಿಂತಿದ್ದಳು. "ಈ ಗತಿಯಲ್ಲಿ ನಮ್ಮ ಬಸ್‌ಗಳು ಹೊಂಟ್ರ ಯಾರೂ ಊರು ಮುಟ್ಟಂಗಿಲ್ಲ" ಎಂದು ನಾನು ನಕ್ಕೆ.

ಲಲಿತಾಬಾಯಿ ನಗಲಿಲ್ಲ. ಆಕೆಗೆ ಹೊಸ್ತಿಲ ದೃಶ್ಯ ಬಂದರೆ ಮನಸ್ಸು ಸರಿ ಇರುವುದಿಲ್ಲ. ಅದಕ್ಕೆ ಕಾರಣ ಕಮಲಾಪುರ.

ಕಮಲಾಪುರ ನನ್ನ ಹೆಂಡತಿಯ ತವರು. ಅಲ್ಲಿ ತಮ್ಮ ಶಿವಶರಣ ಇದ್ದಾನೆ, ಕೆಂಪು ಬಾಳೆ ಬೆಳೆಯುತ್ತಾನೆ. ತಾಯಿ ಬೇಗ ತೀರಿಕೊಂಡದ್ದರಿಂದ ಅವನನ್ನು ಎತ್ತಿ ಆಡಿಸಿ, ಹೆಣ್ಣು ನೋಡಿ ಮದುವೆ ಮಾಡಿದವಳು ಇವಳೇ. ಅವನ ಹೆಂಡತಿ ವಿದ್ಯಾವತಿ. ಆಕೆಗೆ ತಂದೆ ತಾಯಿ ಇಲ್ಲ, ಅಣ್ಣ ತಮ್ಮಂದಿರೂ ಇಲ್ಲ. "ಅಕ್ಕಾರ, ಅಕ್ಕಾರ" ಎಂದು ನನ್ನ ಹೆಂಡತಿಯ ಹಿಂದೆಯೇ ಓಡಾಡಿದವಳು. ಕೆಲವು ವರ್ಷಗಳ ಹಿಂದೆ ನಾಗರ ಪಂಚಮಿಗೆ ನಾವು ಹೋದಾಗ ಕೆಟ್ಟ ಜಗಳವಾಯಿತು. ಆಸ್ತಿಗಲ್ಲ, ಬಂಗಾರಕ್ಕಲ್ಲ. ಶೇಂಗಾ ಉಂಡಿಗೆ! ಬೆಲ್ಲದ ಪಾಕ ಏರಿ ಉಂಡಿ ಗಟ್ಟಿಯಾಗಿತ್ತು. ಲಲಿತಾಬಾಯಿ ಒಂದು ಮಾತು ಅಂದಳು, ವಿದ್ಯಾವತಿ ಒಂದು ಮಾತು ಅಂದಳು, ಮಾತಿಗೆ ಮಾತು ಬೆಳೆಯಿತು. ಕೊನೆಗೆ ವಿದ್ಯಾವತಿ ಅಷ್ಟು ವರ್ಷದ 'ರೀ' ಬಿಟ್ಟು "ನಿನ್ನ ಮನ್ಯಾಗ ಮಾಡ್ಕೊಂಡು ತಿನ್ನು, ಹೋಗು" ಎಂದಳು. ನನ್ನ ಹೆಂಡತಿ ಉಟ್ಟ ಸೀರೆಯಲ್ಲೇ ಹೊರಟಳು.

ಹೆಣ್ಣುಮಗಳು ತವರಿನಿಂದ ಹೊರಟರೆ ಮಣೆ ಹಾಕಿ, ಕುಂಕುಮ ಹಚ್ಚಿ, ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ರವಿಕೆಯ ಖಣ, ಬಾಳೆಹಣ್ಣು ಇಟ್ಟು ಉಡಿ ತುಂಬಿ ಕಳಿಸುವುದು ನಮ್ಮ ಪದ್ಧತಿ. ಅವತ್ತು ಬರಿ ಸೆರಗಿನಲ್ಲಿ ಹೊಸ್ತಿಲು ದಾಟಿದ್ದು ಲಲಿತಾಬಾಯಿಯ ಎದೆಯಲ್ಲಿ ಮುಳ್ಳಾಗಿ ಕುಳಿತಿತ್ತು. ಪಂಚಮಿ ಹತ್ತಿರ ಬಂದರೆ ಬಾಗಿಲ ಕಡೆಯೇ ನೋಡುತ್ತಿದ್ದಳು. "ಆಕಿ ಬಂದು ಕರೀಲಿ, ಹೋಗ್ತೀನಿ" ಎನ್ನುತ್ತಿದ್ದಳು. ಅಲ್ಲಿ ವಿದ್ಯಾವತಿ "ಅವರು ಬರ್ಲಿ, ಬ್ಯಾಡ ಅಂದವರು ಯಾರು" ಎನ್ನುತ್ತಿದ್ದಳಂತೆ. ನಡುವೆ ಶಿವಶರಣ ಬಾಳೆಹಣ್ಣು ಮಾರಲು ಕಲಬುರಗಿಗೆ ಬಂದಾಗೆಲ್ಲ ಒಂದು ಚಿಪ್ಪು ನಮ್ಮ ಬಾಗಿಲಿಗಿಟ್ಟು ಏನೂ ಮಾತಾಡದೆ ಹೋಗುತ್ತಿದ್ದ. "ನನಗ್ಯಾಕ ಆ ಮನಿ ಹಣ್ಣು" ಎಂದು ಇವಳು ದೂರ ಸರಿಸುತ್ತಿದ್ದಳು. ಆಮೇಲೆ ಅಡುಗೆಮನೆಯಲ್ಲಿ ನನಗೆ ಬೆನ್ನು ಮಾಡಿ ಒಂದೊಂದಾಗಿ ತಿನ್ನುತ್ತಿದ್ದಳು. ನಾನು ನೋಡಿಯೂ ನೋಡದ ಹಾಗೆ ಇರುತ್ತಿದ್ದೆ.

ಹೀಗಿರುವಾಗ ಸೀರಿಯಲ್ಲಿನಲ್ಲಿ ಒಂದು ದೊಡ್ಡ ಜಗಳ ಬೇಕಾಯಿತು. ತವರಿಗೆ ಬಂದ ನಾದಿನಿಗೂ ತಮ್ಮನ ಹೆಂಡತಿಗೂ. ಮಂಜುಷಾ ತಾನು ಬರೆದದ್ದನ್ನು ಓದಿದಳು: "ನಿಮ್ಮ ಈ ವರ್ತನೆಯಿಂದ ನನ್ನ ಮನಸ್ಸಿಗೆ ಬಹಳ ನೋವಾಗಿದೆ."

"ಇದೇನು ಜಗಳ ಏನವ್ವಾ? ಬ್ಯಾಂಕಿನವರು ಕಳಿಸಿದ ನೋಟೀಸ್ ಇದ್ದಂಗದ" ಎಂದಳು ಲಲಿತಾಬಾಯಿ. ಸೆರಗು ಸಿಕ್ಕಿಸಿದಳು. ನನ್ನತ್ತ ತಿರುಗಿದಳು. "ಇದೇನು ಉಂಡಿ ಏನ, ಗ್ವಾಡಿಗಿ ಹೊಡದ್ರ ಗ್ವಾಡಿ ಒಡೀತದ!"

ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. ಇದು ಸೀರಿಯಲ್ ಅಲ್ಲ. ಇದು ಕಮಲಾಪುರ.

ಆಮೇಲೆ ಆಕೆ ಆ ಕಡೆ ಹೋಗಿ ನಿಂತು ವಿದ್ಯಾವತಿಯಾದಳು. ಅದೇ ಕುತ್ತಿಗೆಯ ಕೊಂಕು, ಅದೇ ದನಿ. "ಬೆಳಗಾಗೋಕಿಂತ ಮೊದ್ಲ ಎದ್ದು ಮಾಡೀನ್ರಿ. ಬ್ಯಾಡಾಗಿದ್ರ ಬಿಡ್ರಿ." ಮತ್ತೆ ಈ ಕಡೆ: "ನಮ್ಮವ್ವ ಮಾಡಿದ ಉಂಡಿ ಬಾಯಾಗ ಇಟ್ರ ಕರಗತಿತ್ತು." ಮತ್ತೆ ಆ ಕಡೆ: "ಹಂಗಾರ ನಿಮ್ಮವ್ವನ್ನ ಕರ್ಕೊಂಡು ಬಾ. ನಿನ್ನ ಮನ್ಯಾಗ ಮಾಡ್ಕೊಂಡು ತಿನ್ನು, ಹೋಗು!" ಕೊನೆಗೆ ಹೊಸ್ತಿಲಿಗೆ ಬಂದು, ಎದೆಯೆತ್ತಿ, "ತವರಿಗಿ ಬರೋದು ಉಂಡಿ ತಿನ್ನಾಕ ಅಲ್ಲ ತಂಗಿ, ಮಾರಿ ನೋಡಾಕ. ಇವತ್ತ ನಿನ್ನ ಖರೇ ಮಾರಿ ನೋಡ್ದೆ" ಎಂದು ಮುಗಿಸಿದಳು.

ಮಂಜುಷಾ ಚಪ್ಪಾಳೆ ತಟ್ಟಿದಳು. ನಾನು ತಟ್ಟಲಿಲ್ಲ. ಆ ಕೊನೆಯ ಮಾತು ಅವತ್ತು ಇರಲೇ ಇಲ್ಲ. ಅದು ಬಸ್ಸಿನಲ್ಲಿ ವಾಪಸ್ ಬರುವಾಗ ಹೊಳೆದದ್ದು, ನಾನು ಪಕ್ಕದ ಸೀಟಿನಲ್ಲೇ ಇದ್ದೆ. ಅವತ್ತು ನಿಜವಾಗಿ ಆದದ್ದೇ ಬೇರೆ. ಮೊದಲು ಉಂಡಿಯನ್ನು ಗೋಡೆಗೆ ಎಸೆದು ತೋರಿಸಿದ್ದಳು. ಆಮೇಲೆ ವಿದ್ಯಾವತಿಗೆ, "ತವರಿಲ್ದಾಕಿ ನೀ, ತವರಿಗಿ ಬಂದಾಕಿ ಕಿಮ್ಮತ್ತು ನಿನಗೇನು ಗೊತ್ತು?" ಎಂದಿದ್ದಳು. ಅದನ್ನು ಕೇಳಿದ ಮೇಲೆಯೇ ಆ ಹುಡುಗಿಯ ಬಾಯಿಂದ 'ಹೋಗು' ಬಂದದ್ದು. ಇವೆರಡನ್ನೂ ನನ್ನ ಹೆಂಡತಿ ಅಂದವಾಗಿ ನುಂಗಿಬಿಟ್ಟಿದ್ದಳು.

"ಲಲಿತಾ, ಇದು ಟೀವಿಯಾಗ ಬಂದ್ರ ಕಮಲಾಪುರ ತುಂಬ ಗೊತ್ತಾಗ್ತದ" ಎಂದೆ.

"ಆಕಿ ಸೀರಿಯಲ್ ನೋಡಂಗಿಲ್ಲ. ಆಕಿಗಿ ಪುರಸೊತ್ತು ಎಲ್ಲದ?"

ನೋಡಿದಳು. ಅವಳೊಬ್ಬಳೇ ಅಲ್ಲ, ಊರೇ ನೋಡಿತು. ತಮ್ಮೂರ ವಾಡೆ ಟೀವಿಯಲ್ಲಿ ಬರುತ್ತದೆಂದು ಕಮಲಾಪುರದಲ್ಲಿ ಆ ಹೊತ್ತಿಗೆ ನಾಯಿಯೂ ಬೀದಿಗೆ ಬರುತ್ತಿರಲಿಲ್ಲವಂತೆ. ಮರುದಿನ ಸಂತೆಯಲ್ಲಿ ಶಿವಶರಣ ಹಣ್ಣು ಮಾರಲು ಕುಳಿತರೆ, ಬಂದವರೆಲ್ಲ ಹಣ್ಣು ಕೇಳುವುದು ಬಿಟ್ಟು "ಉಂಡಿ ಅವ ಏನ್ರಿ?" ಎಂದು ಕೇಳಿದರಂತೆ. ಸಂಜೆಯ ಹೊತ್ತಿಗೆ ಸುದ್ದಿ ಕಲಬುರಗಿ ಬಸ್‌ಸ್ಟ್ಯಾಂಡಿನಿಂದ ಇನಾಯತ್‌ನ ಆಟೋ ಹತ್ತಿ ನಮ್ಮ ಮನೆಗೆ ಬಂತು.

"ಅಮ್ಮಾ, ಕಮಲಾಪುರದಾಗ ನಿಮ್ಮ ಭಾವಜ್, ತಮ್ಮನ ಹೆಂಡ್ತಿ, ಶೂಟಿಂಗ್ ಬಂದ್ ಮಾಡಿಸ್ಯಾರಂತ!"

ಬಂದ್ ಮಾಡಿಸಿರಲಿಲ್ಲ. ವಿದ್ಯಾವತಿ ಸೆರಗು ಸಿಕ್ಕಿಸಿಕೊಂಡು ವಾಡೆಗೆ ಹೋಗಿ, ಲೈಟು ಕ್ಯಾಮೆರಾಗಳ ನಡುವೆ ನಿಂತು, "ನಾ ಅಂದಿದ್ದು ಇಷ್ಟುದ್ದ ತೋರಿಸೀರಿ. ಅಕ್ಕಾರ ಅಂದಿದ್ದು ಎಲ್ಲಿ ಹೋಯ್ತು? ಅರ್ಧಾ ಜಗಳ ತೋರಿಸಿ ನನ್ನ ಮಾರಿಗಿ ಮಸಿ ಬಳೀತೀರೇನು? ಉಳಿದದ್ದು ನಾ ಹೇಳ್ತೀನಿ, ಬರ್ಕೋರಿ" ಎಂದಿದ್ದಳು. ಮಂಜುಷಾಳಿಗೆ ಆಗ ತಿಳಿಯಿತು, ತಾನು ಬರೆದದ್ದು ಯಾರ ಮನೆಯ ಜಗಳವೆಂದು. ಅವಳ ಮುಖ ಸಣ್ಣದಾಯಿತು. ನಿರ್ದೇಶಕನಿಗೆ ಮಾತ್ರ ಹಬ್ಬ. ವಿದ್ಯಾವತಿಗೆ ಕುರ್ಚಿ ತರಿಸಿ, ಚಹಾ ಕೊಡಿಸಿದನಂತೆ.

ಅಲ್ಲಿಂದ ಜಗಳಕ್ಕೆ ಎರಡು ಬಾಯಿ ಹುಟ್ಟಿದವು, ಒಂದು ಕಲಬುರಗಿಯಲ್ಲಿ, ಒಂದು ಕಮಲಾಪುರದಲ್ಲಿ. ಮಂಜುಷಾ ಬೆಳಿಗ್ಗೆ ನಮ್ಮ ಮನೆಯಲ್ಲಿ ಬರೆದುಕೊಂಡು ಬಸ್ ಹತ್ತುತ್ತಿದ್ದಳು. ಮಧ್ಯಾಹ್ನ ವಿದ್ಯಾವತಿಯ ಹತ್ತಿರ ಬರೆದುಕೊಂಡು ವಾಪಸ್ ಬರುತ್ತಿದ್ದಳು. "ಕಾಕಾ, ನಾನೀಗ ರೈಟರ್ ಅಲ್ಲ, ಪೋಸ್ಟ್‌ಮ್ಯಾನ್" ಎಂದಳು ಒಮ್ಮೆ. ಬಿಡಲು ಆಗಲಿಲ್ಲ, ಊರೂರಲ್ಲಿ ಜನ ಆ ಜಗಳ ನೋಡಲೆಂದೇ ಟೀವಿ ಹಚ್ಚುತ್ತಿದ್ದರು. ಯಾರ ಮಾತು ಯಾರದೆಂದು ಹೇಳಬೇಕಾದ್ದೇ ಇರಲಿಲ್ಲ. ನನ್ನ ಹೆಂಡತಿಯ ಮಾತು ಪಾತ್ರೆಯ ಸದ್ದಿನಂತೆ ಬಡಿದರೆ, ವಿದ್ಯಾವತಿಯ ಮಾತು 'ರೀ' ಹಚ್ಚಿಕೊಂಡೇ ಚುಚ್ಚುತ್ತಿತ್ತು.

ಅದೇ ಜಗಳವನ್ನು ವಿದ್ಯಾವತಿ ಹೇಳಿದಂತೆ ಮತ್ತೆ ಮೊದಲಿಂದ ತೋರಿಸತೊಡಗಿ, ಗೋಡೆಗೆ ಉಂಡಿ ಎಸೆದ ದೃಶ್ಯ ಬಂದ ಸಂಜೆ ನಮ್ಮ ಮನೆಯಲ್ಲಿ ಓಣಿಯ ಹೆಂಗಸರೆಲ್ಲ ಸೇರಿದ್ದರು. ಟೀವಿಯಲ್ಲಿ ನಾದಿನಿ ಉಂಡಿ ಎಸೆದಳು, ಗೋಡೆಯಲ್ಲಿ ತೂತು ಬಿತ್ತು. ಲಲಿತಾಬಾಯಿ ಎದ್ದು ನಿಂತು ಕೂಗಿದಳು: "ಸುಳ್ಳ! ತೂತು ಎಲ್ಲಿ ಬಿದ್ದದ? ಬರೇ ಸುಣ್ಣ ಉದುರೇದ!"

ಎಲ್ಲರೂ ಅವಳ ಮುಖ ನೋಡಿದರು. ಆಕೆ ಮೆಲ್ಲಗೆ ಕುಳಿತಳು. ನಾನು ನೀರು ಕುಡಿಯುವ ನೆಪದಲ್ಲಿ ಒಳಗೆ ಹೋಗಿ ಹೊಟ್ಟೆ ಹಿಡಿದು ನಕ್ಕೆ.

ಆದರೆ ನಗು ಬಹಳ ದಿನ ಉಳಿಯಲಿಲ್ಲ. ಆಷಾಢ ಮುಗಿಯುತ್ತ ಬಂದಿತ್ತು, ಪಂಚಮಿ ಎದುರಿಗಿತ್ತು. ಈ ಸಲ ಈ ಮುಳ್ಳು ಇನ್ನೂ ಆಳಕ್ಕೆ ಹೋಗುತ್ತದೆ, ಇನ್ನು ಜೀವ ಇರುವ ತನಕ ಇವಳಿಗೆ ತವರಿಲ್ಲ ಎಂದು ನನಗೆ ನಿಜವಾಗಿಯೂ ಭಯವಾಗಿತ್ತು. ಟೀವಿಯಲ್ಲಿ ಬಂದ ಜಗಳವನ್ನು ಯಾರು ವಾಪಸ್ ತೆಗೆದುಕೊಳ್ಳುತ್ತಾರೆ? ಶಿವಶರಣ ಬಾಗಿಲಿಗೆ ಹಣ್ಣು ಇಡುವುದನ್ನೂ ನಿಲ್ಲಿಸಿದ್ದ. ಲಲಿತಾಬಾಯಿ ದಿನಾ ಬೆಳಿಗ್ಗೆ ಬಾಗಿಲು ತೆಗೆದು ಖಾಲಿ ಮೆಟ್ಟಿಲು ನೋಡಿ ಒಳಗೆ ಬರುತ್ತಿದ್ದಳು.

ಒಂದು ದಿನ ಮಂಜುಷಾ ಕಮಲಾಪುರದಿಂದ ಬಂದವಳು ಮೇಲೆ ಹೋಗಲಿಲ್ಲ. ನನ್ನ ಹತ್ತಿರ ಕುಳಿತು, "ಕಾಕಾ, ಇವತ್ತು ವಿದ್ಯಾವತಿಯವರು ಉಳಿದ ಮಾತೂ ಹೇಳಿದ್ರು. ಮೆಂತ್ಯ ಸೊಪ್ಪು ಬಿಡಿಸ್ತಾ ಹೇಳಿದ್ರು. ಅಳಲಿಲ್ಲ. ಒಂದು ಅಕ್ಷರಾನೂ ಬದಲಾಯಿಸಬೇಡ ಅಂದ್ರು" ಎಂದಳು. ಏನು ಮಾತು ಎಂದು ನಾನು ಕೇಳಲಿಲ್ಲ, ನನಗೆ ಗೊತ್ತಿತ್ತು.

ಅದು ಟೀವಿಯಲ್ಲಿ ಬಂದಾಗ ಮನೆಯಲ್ಲಿ ನಾವಿಬ್ಬರೇ ಇದ್ದೆವು. ನಾದಿನಿಯ ಪಾತ್ರ "ತವರಿಲ್ದಾಕಿ ನೀ" ಎಂದಿತು. ಲಲಿತಾಬಾಯಿಯ ಕೈಯಲ್ಲಿದ್ದ ಅಕ್ಕಿಯ ಮೊರ ಅಲ್ಲೇ ನಿಂತಿತು. ನಾದಿನಿ ಹೋದ ಮೇಲೆ ಆ ಇನ್ನೊಂದು ಹೆಂಗಸು ಒಲೆಯ ಮುಂದೆ ಒಬ್ಬಳೇ ಕುಳಿತು ಉಂಡಿಗಳನ್ನು ಡಬ್ಬಿಗೆ ತುಂಬುತ್ತ ಮಾತಾಡಿದಳು. "ಪಂಚಮಿ ಬಂದ್ರ ಊರ ತುಂಬ ಹೆಣ್ಮಕ್ಕಳು ಬರ್ತಾರ. ಎಲ್ಲಾರಿಗಿ ಉಂಡಿ ಕಟ್ತೀನಿ. ಎಲ್ಲಾರ ಉಡಿ ತುಂಬ್ತೀನಿ. ನನ್ನ ಯಾರು ಕರೀತಾರ? ನಮ್ಮವ್ವ ಹೋದ ಮ್ಯಾಲ ನನ್ನ ಉಡಿ ಯಾರೂ ತುಂಬಿಲ್ಲ. ಪಾಕದ ಕಡಿ ನೋಡ್ಲೋ, ಆ ಬಸ್ಸಿಳಿದು ಬರೋರ ಕಡಿ ನೋಡ್ಲೋ? ನೋಡ್ಕೋತ ಕುಂತೆ, ಪಾಕ ಏರಿತು."

ಡೋಲು ಇರಲಿಲ್ಲ, ಪಿಟೀಲು ಇರಲಿಲ್ಲ. ಲಲಿತಾಬಾಯಿ ಎದ್ದು ಟೀವಿ ಆರಿಸಿದಳು.

"ನಾ ಅಂದೀನ್ರಿ ಆ ಮಾತು" ಎಂದಳು.

"ಹೌದು."

"ನೀವು ಅಲ್ಲೇ ಇದ್ರಿ. ಅವತ್ತೇ ನನ್ನ ಬಾಯಿ ಯಾಕ ಮುಚ್ಚಿಸಲಿಲ್ಲ?"

"ನಿನ್ನ ಬಾಯಿ ಮುಚ್ಚಿಸಿದವ್ರು ಯಾರಾದ್ರೂ ಇದ್ರ ತೋರಿಸು, ಕಾಲಿಗಿ ಬೀಳ್ತೀನಿ."

ನಗಿಸಲು ಅಂದೆ. ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಲವತ್ತು ವರ್ಷ ಸಂಸಾರ ಮಾಡಿದವನಿಗೂ ಆ ಅಳು ಹೊಸದು. ನಾನು ಮೊರದಲ್ಲಿನ ಅಕ್ಕಿ ಆರಿಸತೊಡಗಿದೆ.

ಮರುದಿನ ಬೆಳಿಗ್ಗೆ ಪ್ಲಾಸ್ಟಿಕ್ ಕುರ್ಚಿ ಬರಲಿಲ್ಲ. ಲಲಿತಾಬಾಯಿ ಹಸಿರು ಅಂಚಿನ ಸೀರೆ ಉಟ್ಟು ನಿಂತಿದ್ದಳು. "ನಡೀರಿ, ಕಮಲಾಪುರಕ್ಕ ಹೋಗೋಣು."

"ಅವರು ಕರೀಲಿಲ್ಲಲ್ಲ?"

"ನಾ ತವರಿಗಿ ಹೊಂಟಿಲ್ಲ. ಕರಿಯಾಕ ಹೊಂಟೀನಿ."

ಇದನ್ನು ನಮ್ಮ ಕಡೆಯವರಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಪಂಚಮಿಗೆ ಮುಂಚೆ ತವರಿನಿಂದ ಅಣ್ಣನೋ ತಮ್ಮನೋ ಬಂದು ಹೆಣ್ಣುಮಗಳನ್ನು ಕರೆದುಕೊಂಡು ಹೋಗಬೇಕು. ಯಾರಾದರೂ ಕರೆಯಲು ಬಂದರೆ ಮಾತ್ರ ಅದು ತವರು. ಗಂಡನ ಅಕ್ಕ, ಅದೂ ತವರಿಗೆ ತಾನೇ ಹೋಗಬೇಕಾದವಳು, ತಮ್ಮನ ಹೆಂಡತಿಯನ್ನು ಕರೆಯಲು ಹೋದದ್ದನ್ನು ನಾನಂತೂ ಕೇಳಿಲ್ಲ. ಇನಾಯತ್ ಬಸ್‌ಸ್ಟ್ಯಾಂಡಿಗೆ ಬಿಟ್ಟ. ದಾರಿಯುದ್ದ ಅವನಿಗೆ ಒಂದು ಬೈಗುಳವೂ ಬೀಳದ್ದು ಕಂಡು, "ಕಾಕಾ, ಅಮ್ಮಾಗ ಆರಾಮ ಇಲ್ಲೇನ್ರಿ?" ಎಂದು ನನ್ನನ್ನು ಕೇಳಿದ.

ಕಮಲಾಪುರದ ಮನೆಯ ಮುಂದೆ ವಿದ್ಯಾವತಿ ಬಾಳೆಗೊನೆಯಿಂದ ಚಿಪ್ಪು ಬಿಡಿಸುತ್ತಿದ್ದಳು. ನಮ್ಮನ್ನು ಕಂಡು ಕೈಯಲ್ಲಿ ಕುಡಗೋಲು ಹಿಡಿದೇ ಎದ್ದಳು. ನಾನು ಒಂದು ಹೆಜ್ಜೆ ಹಿಂದೆ ನಿಂತೆ. ಶಿವಶರಣ ಹಿತ್ತಿಲಿನಿಂದ ಬಂದು ಕಂಬಕ್ಕೆ ಆತುಕೊಂಡು ನಿಂತ.

ಲಲಿತಾಬಾಯಿ ಹೊಸ್ತಿಲು ದಾಟಲಿಲ್ಲ. "ವಿದ್ಯಾವತಿ, ಪಂಚಮಿ ಬಂತು. ನಿನ್ನ ಕರಿಯಾಕ ಬಂದೀನಿ, ನಡಿ."

"ಎಲ್ಲಿಗಿ?"

"ನಿನ್ನ ತವರಿಗಿ. ಕಲಬುರಗಿಗಿ."

ವಿದ್ಯಾವತಿ ಬೇವಿನ ಗಿಡದ ಹಿಂದೆ ಇಣುಕಿದಳು, ಕಾಂಪೌಂಡಿನ ಆಚೆ ನೋಡಿದಳು, ಮಾಳಿಗೆಯ ಮೇಲೂ ಕಣ್ಣಾಡಿಸಿದಳು. "ಟೀವಿಯವ್ರು ಎಲ್ಲಿ ಅಡಗಿ ಕುಂತಾರ್ರಿ ಅಕ್ಕಾರ? ಇದೂ ಸೀರಿಯಲ್ಲೇನ್ರಿ?"

"ಸೀರಿಯಲ್ಲಿಗಿ ಬೆಂಕಿ ಹಚ್ಚು! ನಾ ಅನಬಾರದ ಮಾತು ಅಂದೀನಿ ನಿನಗ. ಈಗ ನನ್ನ ಹೊಸ್ತಿಲದಾಗ ನಿಂದರ್ಸಿ ಏನು ನೋಡಾಕತ್ತಿ?"

ಕುಡಗೋಲು ಕೆಳಗೆ ಬಿತ್ತು. ಮುಂದೆ ಅವರಿಬ್ಬರೂ ಏನು ಮಾತಾಡಿದರೋ ನನಗೂ ತಿಳಿಯಲಿಲ್ಲ. ಒಬ್ಬಳು ಶುರು ಮಾಡಿದ್ದನ್ನು ಇನ್ನೊಬ್ಬಳು ಮುಗಿಸಲು ಬಿಡುತ್ತಿರಲಿಲ್ಲ. ಶಿವಶರಣ ಇಷ್ಟು ವರ್ಷದಲ್ಲಿ ಮೊದಲ ಸಲ ಬಾಯಿ ತೆರೆದು "ಒಳಗ ಬರ್ರಲ್ಲ ಮೊದ್ಲ" ಎಂದ. ಅವನ ಕಣ್ಣುಗಳೂ ತೇವವಾಗಿದ್ದವು. ಮಂಜುಷಾ ಈ ಸುದ್ದಿ ತಿಳಿದು ಓಡಿ ಬಂದು, "ಕಾಕು, ಏನೇನು ಅಂದ್ರಿ, ಸ್ವಲ್ಪ ಹೇಳಿ" ಎಂದು ಗೋಗರೆದಳು. "ಏನೂ ಅಂದಿಲ್ಲವ್ವಾ, ಬರೇ ಅಳಾಕತ್ತಿದ್ವಿ. ಬರ್ಕೋ, ನಿನ್ನ ಆಕತ್ತು ಇಲ್ಲಿ ಬರೋಬ್ಬರಿ ಕುಂಡ್ರತದ" ಎಂದಳು ಲಲಿತಾಬಾಯಿ. ಮಂಜುಷಾ ಬರೆದುಕೊಳ್ಳಲಿಲ್ಲ. ಸೀರಿಯಲ್ಲಿನಲ್ಲಿ ಆ ಜಗಳ ಇನ್ನೂ ಮುಗಿದಿಲ್ಲ, ಅದು ಅವರ ಹಣೆಬರಹ.

ಪಂಚಮಿಗೆ ವಿದ್ಯಾವತಿ ನಮ್ಮ ಮನೆಗೆ ಬಂದಳು. ಲಲಿತಾಬಾಯಿ ತಾನೇ ಶೇಂಗಾ ಉಂಡಿ ಕಟ್ಟಿದ್ದಳು. ಬಸ್ ಬರುವ ಹೊತ್ತಾಯಿತೆಂದು ಹತ್ತು ಸಲ ಬಾಗಿಲಿಗೆ ಹೋಗಿ ಬಂದಿದ್ದಳು. ವಿದ್ಯಾವತಿ ಉಂಡಿ ಕಚ್ಚಿದಳು. ಕಟಕ್ ಎಂದು ಸದ್ದಾಯಿತು. ನಾನು ಗೋಡೆಯ ಕಡೆ ನೋಡಿದೆ, ಹೋದ ತಿಂಗಳಷ್ಟೇ ಬಣ್ಣ ಹಚ್ಚಿಸಿದ್ದೆ.

"ಪಾಕ ಏರೇದ್ರಿ ಅಕ್ಕಾರ" ಎಂದಳು ವಿದ್ಯಾವತಿ, ಮೆಲ್ಲಗೆ.

"ಏರಲಾರದ ಏನು ಮಾಡ್ತದ? ನಿನ್ನ ದಾರಿ ನೋಡ್ಕೋತ ನಿಂತಿದ್ದೆ" ಎಂದಳು ನನ್ನ ಹೆಂಡತಿ.

ಇಬ್ಬರೂ ನಕ್ಕರು, ನಾನೂ ಉಸಿರು ಬಿಟ್ಟೆ. ಆ ಗಟ್ಟಿ ಉಂಡಿಗಳನ್ನೇ ಕುಟ್ಟಿ ಪುಡಿ ಮಾಡಿ ಹಾಲಿನಲ್ಲಿ ತಿಂದೆವು.

ಹೊರಡುವ ದಿನ ಲಲಿತಾಬಾಯಿ ಮಣೆ ಹಾಕಿ ವಿದ್ಯಾವತಿಯನ್ನು ಕೂಡಿಸಿದಳು. ಖಣ ನಾನೇ ಆರಿಸಿ ತಂದದ್ದು, ಸೂಪರ್ ಮಾರ್ಕೆಟ್‌ನ ನನ್ನ ಹಳೆಯ ಗಾದಿಯಿಂದ. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬು, ಮೇಲೆ ಕಮಲಾಪುರದ ಕೆಂಪು ಬಾಳೆಹಣ್ಣು. ಮೊದಲ ಹಿಡಿ ಅಕ್ಕಿ ಸೆರಗಿಗೆ ಬೀಳುತ್ತಲೇ ವಿದ್ಯಾವತಿ ತಲೆ ತಗ್ಗಿಸಿದಳು. ಹಿಡಿದ ಸೆರಗಿನ ಅಕ್ಕಿಯ ಮೇಲೆ ಆಕೆಯ ಕಣ್ಣೀರು ಬಿತ್ತು. "ಅಕ್ಕಿ ತೋಯಿಸಬ್ಯಾಡ ಹುಚ್ಚಿ" ಎಂದು ಬೈಯುತ್ತ ಬೈಯುತ್ತ ನನ್ನ ಹೆಂಡತಿಯೂ ಅತ್ತಳು.

ಇನಾಯತ್ ಹೊರಗೆ ಆಟೋ ಚಾಲೂ ಮಾಡಿ ಕಾಯುತ್ತಿದ್ದ. ವಿದ್ಯಾವತಿ ಹೊಸ್ತಿಲಿಗೆ ಬಂದು "ಬರ್ತೀನ್ರಿ ಅಕ್ಕಾರ" ಎಂದಳು. "ಹೂಂ, ಬಾ" ಎಂದಳು ಲಲಿತಾಬಾಯಿ. ಆಮೇಲೆ ಹಪ್ಪಳದ ಮಾತು ಬಂತು. ಮಾತು ಮುಗಿದು "ಬರ್ತೀನ್ರಿ" ಎಂದಳು. "ಬಾ" ಎಂದಳು. ಆಮೇಲೆ ಶಿವಶರಣನ ಮೊಣಕಾಲು ನೋವಿನ ಮಾತು ಬಂತು. ಮತ್ತೆ "ಬರ್ತೀನ್ರಿ", ಮತ್ತೆ "ಬಾ". ಒಬ್ಬಳು ಉಡಿ ಹಿಡಿದುಕೊಂಡು, ಒಬ್ಬಳು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತೇ ಇದ್ದರು. ಇನಾಯತ್ ಆಟೋ ಬಂದ್ ಮಾಡಿ ಮೆಟ್ಟಿಲ ಮೇಲೆ ಬಂದು ಕುಳಿತ. "ಕಾಕಾ, ಕಮಲಾಪುರ ಬಸ್ ಹೋಗ್ಯಾದ" ಎಂದು ಮೆಲ್ಲಗೆ ನನ್ನ ಕಿವಿಯಲ್ಲಿ ಹೇಳಿದ.

ನಾನು ಅವರಿಗೆ ಹೇಳಲಿಲ್ಲ. ಅಡುಗೆಮನೆಯ ಬಾಗಿಲಿನಿಂದ ಪ್ಲಾಸ್ಟಿಕ್ ಕುರ್ಚಿ ತಂದು ಹೊಸ್ತಿಲ ಹತ್ತಿರ ಹಾಕಿ, "ನಿಂತು ಕಾಲು ನೊಂದಾವು, ಕೂಡವ್ವಾ ವಿದ್ಯಾವತಿ" ಎಂದೆ. ಆಕೆ ಕುಳಿತಳು.